ಎರಡು ಖಾಲಿ ಚೌಕಗಳು

ಎಡಗೈ ಕಿರುಬೆರಳಿನ ಮೇಲೆ ಇರಬೇಕಾದ ಗಾಯದ ಕಲೆ ಕಂಡುಬಂದಿಲ್ಲ ಎಂದು ಪರಿಶೀಲನಾ ಗುಮಾಸ್ತೆ ಬರೆದಳು. ಕಿರುಬೆರಳೇ ಇರಲಿಲ್ಲ ಎಂದು ಬರೆಯಲಿಲ್ಲ.

ಅಂದು ಸೋಮವಾರ. ಸೈನಿಕರ ಆಸ್ಪತ್ರೆಯ ಹಳೆಯ ಕಾರ್ಡುಗಳನ್ನೆಲ್ಲ ರದ್ದು ಮಾಡಿ ಹೊಸದು ಕೊಡುವ ಕೆಲಸ ನಡೆದಿತ್ತು. ಪ್ಲಾಸ್ಟಿಕ್ ಚೀಲಗಳಲ್ಲಿ ತಮ್ಮ ಇಡೀ ಆಯಸ್ಸನ್ನು ಸುತ್ತಿಟ್ಟುಕೊಂಡ ಮುದುಕರು ಬೆಂಚಿನುದ್ದಕ್ಕೂ ಕೂತಿದ್ದರು. ಗುಮಾಸ್ತೆಯನ್ನು ಕಚೇರಿಯಲ್ಲಿ ‘ತಕ್ಕಡಿ’ ಎನ್ನುತ್ತಿದ್ದರು. ಯಾವ ಕಡೆಗೂ ವಾಲುವವಳಲ್ಲ. ಆ ಹೆಸರು ಆಕೆಗೆ ಬೇಸರ ತಂದಿರಲಿಲ್ಲ.

ಸರದಿ ಬಂದದ್ದು ಎಂಬತ್ತೊಂದು ವರ್ಷದ ಒಬ್ಬರದು. ಓಣಿಯವರಿಗೆಲ್ಲ ಅವರು ಸಿಪಾಯಿ ತಾತ. ಜೊತೆಗೆ ದರ್ಜಿ ಕೆಲಸದ ಸೊಸೆ. ಅವಸರದಲ್ಲಿ ಅಳತೆಯ ಟೇಪನ್ನು ಕೊರಳಲ್ಲೇ ಮರೆತು ಬಂದಿದ್ದಳು.

“ಎಡಗೈ ಇಡಿ.”

ತಾತ ಮೇಜಿನ ಗಾಜಿನ ಮೇಲೆ ಅಂಗೈ ಹರಡಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಬರೀ ಗಾಜು.

“ಸೇನೆಗೆ ಸೇರುವಾಗ ಬರೆಸಿದ ಗುರುತು, ಕಿರುಬೆರಳ ಮೇಲೆ ಕುಡುಗೋಲಿನ ಕಲೆ,” ಎಂದು ಆಕೆ ಸೇವಾಪುಸ್ತಕದ ಎರಡನೇ ಪುಟ ಓದಿದಳು.

“ಇತ್ತು. ನನ್ನ ತಂಗಿ ಬೀಸಿದ್ದು. ಅವಳ ಪಾಲಿನ ಸೌತೆಕಾಯಿಗೆ ಕೈ ಹಾಕಿದ್ದೆ.”

ಗುಮಾಸ್ತೆ ಬೆರಳಿಲ್ಲದ ಜಾಗವನ್ನು ಪೆನ್ನಿನ ತುದಿಯಿಂದ ತೋರಿಸಿದಳು. “ಇಲ್ಲಿ ಇರಬೇಕಿತ್ತು.”

“ಹೌದು ತಾಯಿ, ಇರಬೇಕಿತ್ತು. ಯುದ್ಧದ ವರ್ಷ ಹದಿನೇಳು ದಿನ ಬೆಟ್ಟದ ಮೇಲಿನ ಠಾಣೆಯಲ್ಲಿ ಸಿಕ್ಕಿಹಾಕಿಕೊಂಡ್ವಿ. ಹಿಮಕ್ಕೆ ಎರಡು ಬೆರಳು ಕಪ್ಪಾಗಿ ಹೋದವು. ನಾನೇನೋ ರಿಟೈರಾದೆ, ಅವೆರಡೂ ಇನ್ನೂ ಅಲ್ಲೇ ಡ್ಯೂಟಿ ಮೇಲಿವೆ.”

ಬೆಂಚಿನಲ್ಲಿ ಯಾರೋ ನಕ್ಕರು. ತಕ್ಕಡಿ ನಗಲಿಲ್ಲ. “ಬೆರಳು ತೆಗೆದದ್ದಕ್ಕೆ ಆಸ್ಪತ್ರೆ ಚೀಟಿ?”

“ಅದನ್ನ ಪುಸ್ತಕಕ್ಕೆ ಏರಿಸಬೇಕಿದ್ದ ನಮ್ಮ ರೈಟರ್ ಆ ವಾರವೇ ಹೋದ. ಗುಂಡು ತಗಲಿ. ಮುತ್ತಿನಂಥ ಅಕ್ಷರ ಅವನದು.”

ಸೊಸೆಗೆ ತಡೆಯಲಾಗಲಿಲ್ಲ. “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ? ಬೆರಳಿಲ್ಲ ಅನ್ನೋದು ಕಾಣ್ತಿಲ್ವಾ?”

“ಕಾಣ್ತಿದೆ. ಆದರೆ ಬೆರಳು ಯಂತ್ರಕ್ಕೆ ಸಿಕ್ಕೂ ಹೋಗುತ್ತೆ. ಹೋದ ವರ್ಷ ಮೂವರು ಸುಳ್ಳು ಸಿಪಾಯಿಗಳು ಸಿಕ್ಕಿಬಿದ್ದರು. ಒಬ್ಬ ಸತ್ತವನ ಪುಸ್ತಕ ಹಿಡಿದು ಬಂದಿದ್ದ. ಆ ಸುಳ್ಳುಗಾರರು ಆಸ್ಪತ್ರೆಯ ಹಾಸಿಗೆ ಹಿಡಿದು ಮಲಗಿದ್ದಾಗ ಹೊರಗೆ ಕಾದವರು ನಿಮ್ಮ ಮಾವನಂಥವರೇ. ಇವತ್ತು ನಾನು ಬಾಯಿಮಾತಿಗೆ ಹೂಂ ಅಂದರೆ ನಾಳೆ ಯಾರಿಗೆ ಇಲ್ಲ ಅನ್ನಲಿ?”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸೊಸೆಯ ದನಿ ಇಳಿಯಿತು.

“ಕಣ್ಣಿನ ಆಪರೇಷನ್‌ಗೆ ಮುಂದಿನ ವಾರ ದಿನ ಕೊಟ್ಟಿದ್ದಾರೆ. ಕಣ್ಣೊಳಗೆ ಒತ್ತಡ ಏರ್ತಾ ಇದೆ. ಕಾರ್ಡ್ ಇಲ್ಲ ಅಂದ್ರೆ ಪಟ್ಟಿಯಿಂದ ಹೆಸರು ತೆಗೀತಾರೆ. ಇದರಲ್ಲಿ ಒಂದ್ಸಲ ಹೋದ ದೃಷ್ಟಿ ವಾಪಸ್ ಬರಲ್ಲವಂತೆ.”

“ಮೇಲ್ಮನವಿ ಹಾಕಿ. ಪುಸ್ತಕ ಇಲ್ಲೇ ಇರಲಿ.”

ಫಾರ್ಮಿನಲ್ಲಿ ‘ಇದೆ’, ‘ಇಲ್ಲ’ ಎಂದು ಎರಡೇ ಪದಗಳಿದ್ದವು. ಆಕೆ ಸ್ಕೇಲು ಇಟ್ಟು ‘ಇದೆ’ಯನ್ನು ನೇರವಾಗಿ ಹೊಡೆದುಹಾಕಿದಳು.

ತಾತ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಎದ್ದರು. “ಬೆರಳು ಕೇಳಿದಾಗ ಕೊಟ್ಟೆ ತಾಯಿ. ಈಗ ಬೆರಳಿನ ಗುರುತು ಕೇಳಿದರೆ ಎಲ್ಲಿಂದ ತರಲಿ?” ಎಂದರು. ಜಗಳದ ದನಿಯಲ್ಲ. ನಿಜಕ್ಕೂ ಕೇಳಿದ ಹಾಗೆ.

“ಮುಂದಿನವರು,” ಎಂದಳು ತಕ್ಕಡಿ.

ಮೇಲ್ಮನವಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು. ಒಬ್ಬರು ರಜೆಯಲ್ಲಿದ್ದರು. ಇನ್ನೊಬ್ಬರು ‘ಮಾತಾಡಿ’ ಎಂದು ಅಂಚಿನಲ್ಲಿ ಬರೆದರು, ಯಾರೊಂದಿಗೆ ಎಂದು ಬರೆಯಲಿಲ್ಲ. ಹೀಗೆ ನಾಲ್ಕು ತಿಂಗಳು.

ಸೊಸೆ ಈ ಸಲ ಒಬ್ಬಳೇ ಬಂದಳು. “ಪುಸ್ತಕ ಕೊಡಿ ಮೇಡಂ.”

“ಮೇಲ್ಮನವಿ ಇನ್ನೂ ತೀರ್ಮಾನ ಆಗಿಲ್ಲ.”

“ಅಟ್ಟ ಮೇಲೆ ಒಲೆ ಉರಿದು ಏನಾಗಬೇಕು? ಎಡಗಣ್ಣು ಪೂರ್ತಿ ಹೋಯ್ತು. ಬಲಗಣ್ಣಲ್ಲಿ ಲೋಟದ ಬಾಯಿಯಷ್ಟು ಜಾಗ ಕಾಣುತ್ತಂತೆ. ಅದು ಇರುವಾಗಲೇ ಪುಸ್ತಕದಲ್ಲಿರೋ ಆ ರೈಟರನ ಅಕ್ಷರ ಒಂದ್ಸಲ ನೋಡಬೇಕಂತೆ ನಮ್ಮ ಮಾವನಿಗೆ. ಬೇರೇನೂ ಕೇಳಿಲ್ಲ ಅವರು.”

ಪುಸ್ತಕ ಮರಳಿಸುವಾಗ ಪುಟಗಳನ್ನು ಎಣಿಸಿ ಸಹಿ ಪಡೆಯಬೇಕೆಂಬುದು ನಿಯಮ. ತಕ್ಕಡಿ ನಿಯಮ ಬಿಟ್ಟವಳಲ್ಲ. ಬೀರುವಿನಿಂದ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಎಣಿಸತೊಡಗಿದಳು. ‘ಗುರುತಿಗೆ ಪುಟ ಎರಡು ನೋಡಿ’ ಎಂದು ಫಾರ್ಮಿನಲ್ಲಿ ಅಚ್ಚಾಗಿತ್ತು. ಅಂದು ಅಷ್ಟನ್ನೇ ನೋಡಿದ್ದಳು. ಎರಡನೆಯ ಪುಟದಿಂದಾಚೆಗೆ ಅವಳು ಹೋಗುತ್ತಿರುವುದು ಇದೇ ಮೊದಲು.

ಇಪ್ಪತ್ತೊಂಬತ್ತನೇ ಪುಟದಲ್ಲಿ ಕೈ ನಿಂತಿತು.

ಸೇವೆಯಿಂದ ಬಿಡುಗಡೆಯಾದ ದಿನದ ಪುಟ ಅದು. ಹತ್ತು ಬೆರಳುಗಳ ಗುರುತಿಗೆ ಹತ್ತು ಚೌಕಗಳು. ಎಂಟರಲ್ಲಿ ಮಸಿಯ ಸುಳಿಗಳು ಇವತ್ತು ಒತ್ತಿದಷ್ಟು ಸ್ಪಷ್ಟವಾಗಿದ್ದವು. ಎಡಗೈಯ ಕೊನೆಯ ಎರಡು ಚೌಕ ಖಾಲಿ. ಅವುಗಳ ಮೇಲೆ ಅಡ್ಡಗೆರೆ, ಕೆಳಗೆ ಸೇನೆಯ ಮೊಹರು, ಅಧಿಕಾರಿಯ ಸಹಿ. ಎರಡನೇ ಪುಟದಲ್ಲಿ ಬೆರಳಿತ್ತು. ಇಪ್ಪತ್ತೊಂಬತ್ತರಲ್ಲಿ ಇರಲಿಲ್ಲ. ನಡುವೆ ಯುದ್ಧವಿತ್ತು.

“ಏನು ಮೇಡಂ, ಪುಟ ಕಡಿಮೆ ಇದೆಯಾ?”

“ಇಲ್ಲ. ಎಲ್ಲ ಇದೆ.” ಆಕೆ ಆ ಪುಟದ ಮೇಲೆ ಬೆರಳಿಟ್ಟಳು. “ಮೊದಲಿಂದಲೂ ಇತ್ತು.”

ಪುಸ್ತಕವನ್ನು ಸೊಸೆಯ ಕಡೆ ತಿರುಗಿಸಿದಳು. ಸೊಸೆ ಎರಡು ಖಾಲಿ ಚೌಕಗಳನ್ನು ಬಹಳ ಹೊತ್ತು ನೋಡಿದಳು. ಅವಳು ಕೂಗಾಡಬಹುದಿತ್ತು, ಕೂಗಾಡಿದ್ದರೆ ಗುಮಾಸ್ತೆಗೆ ಹಗುರಾಗುತ್ತಿತ್ತು.

“ಅವತ್ತೇ ಇದನ್ನ ತಿರುಗಿಸಿ ನೋಡಿದ್ದರೆ?”

“ಎಡಗಣ್ಣು ಉಳೀತಿತ್ತು.”

ಸೊಸೆ ಬೆಂಚಿನ ಮೇಲೆ ಕೂತಳು. ಗುಮಾಸ್ತೆ ಒಂದು ಹಾಳೆ ತೆಗೆದುಕೊಂಡು ತನ್ನ ಕೈಯಲ್ಲೇ ಬರೆದಳು: ಪುಟ ಇಪ್ಪತ್ತೊಂಬತ್ತನ್ನು ನಾನು ನೋಡಲಿಲ್ಲ. ತಪ್ಪು ನನ್ನದು. ಅರ್ಜಿದಾರರು ನಿಜವಾದ ಸೈನಿಕರು, ಯುದ್ಧದಲ್ಲಿದ್ದವರು. ಬಲಗಣ್ಣಿನ ಚಿಕಿತ್ಸೆಗೆ ಇಂದೇ ಕಾರ್ಡು ಕೊಡಬೇಕು. ಕೆಳಗೆ ಸಹಿ ಹಾಕಿ ಮೇಲಧಿಕಾರಿಯ ಕೋಣೆಗೆ ಹೋದಳು.

ಮೇಲಧಿಕಾರಿ ಕೆಟ್ಟವರಲ್ಲ. ನಿಂತು ಕಾಯುತ್ತಿದ್ದ ಮುದುಕರಿಗೆ ಬೆಂಚು ಹಾಕಿಸಿದವರು ಅವರೇ. ಹಾಳೆ ಓದಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಛೆ. ಎಂಥಾ ಕೆಲಸ ಆಗೋಯ್ತು. ಕಾರ್ಡ್ ಇವತ್ತೇ ಕೊಡೋಣ. ಆಸ್ಪತ್ರೆಗೆ ನಾನೇ ಫೋನ್ ಮಾಡ್ತೀನಿ.” ಆಮೇಲೆ ಟೈಪು ಮಾಡಿಸಿದ ಇನ್ನೊಂದು ಹಾಳೆಯೊಂದಿಗೆ ಆಕೆಯನ್ನು ಮತ್ತೆ ಕರೆದರು. “ಒಂದೇ ಒಂದು ಸಾಲು ಬದಲಾಯಿಸಿದ್ದೀನಿ, ನೋಡಮ್ಮ. ಪರಿಶೀಲನೆ ದಿನ ಅರ್ಜಿದಾರರು ಎಡಗೈಯನ್ನ ಜೇಬಿನಿಂದ ತೆಗೆಯಲಿಲ್ಲ, ತೋರಿಸಲಿಲ್ಲ ಅಂತ.”

ಗುಮಾಸ್ತೆ ಆ ಸಾಲನ್ನು ಎರಡು ಸಲ ಓದಿದಳು.

“ವಯಸ್ಸಾದವರು, ಮರೆತಿದ್ದಾರೆ ಅಂತಾಗುತ್ತೆ. ಅವರಿಗೇನು ನಷ್ಟ? ಕಾರ್ಡ್ ಬರುತ್ತೆ. ನೀನು ಬರೆದದ್ದು ಹಾಗೇ ಮೇಲೆ ಹೋದರೆ ಮೊದಲು ನಿನ್ನ ತಲೆ, ಹಿಂದೆಯೇ ನನ್ನದು. ಇಪ್ಪತ್ತೆರಡು ವರ್ಷದ ನಿನ್ನ ಒಳ್ಳೇ ಹೆಸರು ಒಂದು ಬೆರಳಿಗೋಸ್ಕರ ಹೋಗಬೇಕಾ?”

“ಎರಡು ಬೆರಳು ಸರ್.”

“ಸರಿ, ಎರಡು. ಸಹಿ ಹಾಕು.”

ಅವರ ಮೇಜಿಗೂ ಗಾಜು ಹೊದಿಸಿತ್ತು. ಅದರ ಮೇಲೆ ತನ್ನ ಎಡಗೈ ಇರುವುದು ಆಕೆಗೆ ಕಂಡಿತು. ಐದೂ ಬೆರಳು. ಒಂದರ ಮೇಲೂ ಗೀರಿಲ್ಲ.

“ಅವರು ಕೈ ಬಚ್ಚಿಡಲಿಲ್ಲ ಸರ್. ನನ್ನ ಮುಂದೆ ಹರಡಿ ಇಟ್ಟಿದ್ದರು. ಬೆರಳಿಲ್ಲದ ಜಾಗಕ್ಕೆ ನಾನೇ ಪೆನ್ನು ಇಟ್ಟು ತೋರಿಸಿದ್ದೆ.”

“ಅದು ನನಗೂ ಗೊತ್ತಮ್ಮ. ಈಗ ಸಹಿ ಹಾಕು.”

ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. ತಾನು ಕೈಯಲ್ಲಿ ಬರೆದ ಹಾಳೆಯನ್ನು ಮತ್ತೆ ಅವರ ಮುಂದಕ್ಕೆ ಸರಿಸಿದಳು.

“ಇದಕ್ಕೆ ಆಗಲೇ ಹಾಕಿದ್ದೀನಿ ಸರ್,” ಎಂದಳು. “ಅದಕ್ಕೆ ಹಾಕಲ್ಲ.”