ಬದಲಿ ಆಳು

"ನಾ ಸಹಿ ಮಾಡಂಗಿಲ್ಲ ಅಂದ್ರ ಮಾಡಂಗಿಲ್ಲ. ಪುಸ್ತಕ ಮುಚ್ಚಬೇ ಕನಕಕ್ಕ."

ಖಾಜಾಬೀ ಟಂಟಂ ಗಾಡಿಯ ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟಿದ್ದಳು. ಬೆಳಗಿನ ಆರೂವರೆ. ಒಳಗೆ ಹದಿನಾಲ್ಕು ಹೆಂಗಸರು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಒಬ್ಬರ ಮೈಮೇಲೊಬ್ಬರು ಕೂತಿದ್ದರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಕನಕಮ್ಮ, ಸಭೆಯ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಎಂದೂ ಇಲ್ಲದ್ದು ಇದೇನಬೇ? ಅಧ್ಯಕ್ಷಿಣಿ ಅಂತ ನೀನ ಮೊದ್ಲ ಬರೀಬೇಕು. ನಿನ್ನ ಕೆಳಗ ಉಳದವ್ರು."

"ಒಂಬತ್ತು ಮೀಟಿಂಗಿಗೆ ಬರದೀನಿ. ಒಂದರಾಗರ ಕುಂತೀನೇನು? ಹೆಡ್ ಮಾಸ್ತರಿಗೆ ಹೇಳು, ಈ ಸಲ ಕುಂತು ಮಾಡ್ತೀವಂತ."

ಮುಂದೆ ಡ್ರೈವರನ ಪಕ್ಕ ಕೂತಿದ್ದ ಮೇಸ್ತ್ರಿ ಓಬಳೆಪ್ಪ ಕತ್ತು ಹೊರಗೆ ಹಾಕಿದ. "ಏ ಅಧ್ಯಕ್ಷಿಣಿ, ಮುಂಜಾನೆದ್ದು ಭಾಷಣ ಬ್ಯಾಡ. ಗದ್ದ್ಯಾಗ ನೀರು ಕಾಯಂಗಿಲ್ಲ, ಹತ್ತಬೇ."

ಅವಳು ಹತ್ತಿದಳು. ಕನಕಮ್ಮನೂ ಪುಸ್ತಕವೂ ಧೂಳಿನಲ್ಲಿ ಹಿಂದೆ ಉಳಿದರು.

ಎಸ್.ಡಿ.ಎಂ.ಸಿ. ಅಂದರೆ ಮಕ್ಕಳ ತಾಯಿತಂದೆಯರೇ ಕೂಡಿ ಶಾಲೆಯ ಬೇಕುಬೇಡ ನೋಡುವ ಸಮಿತಿ. ಖಾಜಾಬೀ ಅದಕ್ಕೆ ಅಧ್ಯಕ್ಷೆಯಾಗಿ ಒಂದೂವರೆ ವರ್ಷ. ಸಭೆ ಯಾವಾಗಲೂ ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿಗೆ ಹೆಂಗಸರು ಮೊಳಕಾಲುಮಟ ಕೆಸರಿನಲ್ಲಿ, ಗಂಡಸರು ರೈಸ್‌ಮಿಲ್ಲಿನ ಚೀಲದ ಕೆಳಗೆ. ಅವರು ಊರಿಗೆ ಬರುವುದು ಆರಕ್ಕೆ. ಆರರ ತನಕ ಹೆಡ್ ಮಾಸ್ತರ ಬಸವಕುಮಾರ ನಿಲ್ಲುವಂತಿಲ್ಲ. ಐದೂಕಾಲಿನ ಬಸ್ಸು ತಪ್ಪಿದರೆ ಗಂಗಾವತಿಯಲ್ಲಿ ಪಕ್ಕದ ಮನೆಯವರ ಹತ್ತಿರ ಬಿಟ್ಟ ಮಗಳನ್ನು ಕರೆದುಕೊಳ್ಳುವವರಿಲ್ಲ. ಅವರ ಹೆಂಡತಿ ಮುನಿರಾಬಾದಿನ ಆಫೀಸಿನಿಂದ ಮನೆ ಮುಟ್ಟುವುದು ಏಳೂವರೆಗೆ. ರವಿವಾರ ಅಂದರೆ ಮಾಸ್ತರಿಗೆ ರಜೆ, ಗದ್ದೆಗೆ ರಜೆಯಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಹಾಗೆ. ಕಡೆಗೆ ಯಾರೂ ಕೂಡದ ಸಭೆಯೇ ಪದ್ಧತಿಯಾಯಿತು. ಪುಸ್ತಕ ಮಾತ್ರ ಕನಕಮ್ಮನ ಕಂಕುಳಲ್ಲಿ ಮನೆಮನೆ ತಿರುಗಿ, ಟಂಟಂ ಹತ್ತುವವರ ಸಹಿ, ಹೆಬ್ಬೆಟ್ಟು ಹೊತ್ತುಕೊಂಡು ಶಾಲೆ ಸೇರುತ್ತಿತ್ತು.

ಆದರೆ ಈ ಸಲದ ಮಾತು ಬೇರೆ. ಶಾಲೆಗೆ ಎಂಟನೇ ತರಗತಿ ಬೇಕೆಂದು ಠರಾವು ಮಾಡುವುದಿತ್ತು. ಈಗ ಎಂಟನೆಯದು ಇರುವುದು ಕಾಲುವೆಯ ಆಚೆ, ನಾಲ್ಕು ಮೈಲಿ, ಬಸ್ಸಿಲ್ಲ. ಗಂಡುಹುಡುಗರು ಸೈಕಲ್ ತುಳಿಯುತ್ತಾರೆ. ಹೋದ ವರ್ಷ ಏಳನೆಯದು ಪಾಸಾದ ಐದು ಹುಡುಗಿಯರಲ್ಲಿ ನಾಲ್ವರು ಇವತ್ತು ಇದೇ ಟಂಟಂನಲ್ಲಿ ತೂಕಡಿಸುತ್ತಿದ್ದರು. ಖಾಜಾಬೀಯ ಮಗಳು ಖುಷ್ಬು ಈಗ ಏಳನೆಯದರಲ್ಲಿದ್ದಾಳೆ.

ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ಫೋನು ಬಂತು.

"ಖಾಜಾಬೀ, ಏನ್ರಿ ಇದು? ಪುಸ್ತಕ ವಾಪಸ್ ಕಳಿಸೀರಂತ."

"ಸರ, ಸುಳ್ಳು ಸಭಾಕ್ಕ ಖರೇ ಎಂಟನೆತ್ತಾ ಹೆಂಗ ಬರ್ತೈತ್ರಿ?"

ಆ ಕಡೆ ಮಾಸ್ತರು ಕಾಗದ ತಿರುವಿದ ಸದ್ದಾಯಿತು. "ನಾನೂ ಅದನ್ನ ಹೇಳಬೇಕಂತಿದ್ದೆ. ಗುರುವಾರ ಹನ್ನೊಂದಕ್ಕ ಶಿಕ್ಷಣ ಇಲಾಖಿ ಸಿ.ಆರ್.ಪಿ. ಸಾಹೇಬ್ರು ತಪಾಸಣಿಗೆ ಬರ್ತಾರ. ಅವರೆದುರಿಗೆ ಹದಿನೆಂಟರಾಗ ಅರ್ಧಕ್ಕಿಂತ ಹೆಚ್ಚು ಮಂದಿ ಕುಂತು ಠರಾವು ಮಾಡಿದ್ರ, ಅವರ ಕೈಲೇ ಫೈಲ್ ಕಳಸ್ತೀನಿ. ಆಗ್ತದ?"

"ಹನ್ನೊಂದಕ್ಕ? ನಡು ಹಗಲಾಗ?"

"ಅವರಿಗೂ ಅವತ್ತ ಮೂರು ಸಾಲಿ ಅದಾವ ನೋಡ್ರಿ."

ಅವಳು ಎಡಗೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಸುತ್ತ ನೋಡಿದಳು. ಸಮಿತಿಯ ಏಳು ಹೆಂಗಸರು ಈ ಗುಂಪಿನಲ್ಲೇ ಇದ್ದರು. ಮಿಲ್ಲಿನಿಂದ ನಾಲ್ಕು ಗಂಡಸರು ಅರ್ಧ ದಿನ ಬಿಟ್ಟು ಬಂದರೆ ಹನ್ನೊಂದು. "ಆಗ್ತೈತ್ರಿ" ಅಂದಳು.

ಓಬಳೆಪ್ಪ ಹಾರಾಡಿದ. "ಒಮ್ಮಿಗೇ ಏಳು ಮಂದಿ? ಗುತ್ತಿಗಿ ಹಿಡದೀನಿ, ಒಂದ ದಿನದಾಗ ಗದ್ದಿ ಮುಗೀಬೇಕು. ನಂಗ ಹದಿನೈದು ಜೋಡಿ ಕೈ ಬೇಕು. ಯಾರ ಕೈ ಅಂತ ಕೇಳಂಗಿಲ್ಲ."

ಬಾರದವರು ಬದಲಿ ಆಳು ಕಳಿಸಬೇಕು. ನಾಟಿ ಗುಂಪಿನ ಹಳೆಯ ಪದ್ಧತಿ. ಬಾಣಂತಿಗೂ ಅದೇ, ಸಾವಿನ ಮನೆಯವರಿಗೂ ಅದೇ.

"ತಂತಮ್ಮ ಬದಲಿ ತಾವ ನೋಡ್ಕೊಳ್ರಿ," ಅಂದಳು ಖಾಜಾಬೀ. "ಒಬ್ಬರು ತಪ್ಪಿದ್ರೂ ನಾ ಸುಮ್ನಿರಂಗಿಲ್ಲ."

"ಹೂಂ ಯವ್ವಾ ಅಧ್ಯಕ್ಷಿಣಿ," ಅಂದಳು ಮಲ್ಲೇಶ್ವರಿ, ಮೊಲೆಗೂಸನ್ನು ಸೆರಗಿನ ಕೆಳಗೆ ಇಟ್ಟುಕೊಂಡು. "ಈ ಕೂಸಿಗೂ ಒಂದು ಖುರ್ಚಿ ಇಡಸು."

ಬುಧವಾರ ಸಂಜೆ ಖಾಜಾಬೀ ಬದಲಿ ಆಳಿಗಾಗಿ ನಾಲ್ಕು ಬಾಗಿಲು ತಟ್ಟಿದಳು. ವಾರಗಿತ್ತಿ ಸೈದಾನಬಿ ತವರಿಗೆ ಹೋಗಿದ್ದಳು. ಹುಸೇನಬೀ ಆಗಲೇ ನವಲಿ ಊರಿನ ಗದ್ದೆಗೆ ಒಪ್ಪಿಕೊಂಡಿದ್ದಳು. ಉಳಿದ ಎರಡು ಮನೆಯವರು ನಕ್ಕುಬಿಟ್ಟರು. ನಾಟಿಯ ದಿನಗಳಲ್ಲಿ ಖಾಲಿ ಕೈ ಹುಡುಕುವವಳು ಎಂಥ ಹುಚ್ಚಿ! ಗಂಡ ಮಂಜೂರ ಅಕ್ಕಿ ಲಾರಿಯ ಜೊತೆ ಹೋಗಿ ವಾರವಾಗಿತ್ತು. ಮನೆಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿದಳು. ಕಾಲ್ಬೆರಳ ಸಂದಿಗಳು ನೀರು ತಿಂದು ಬೆಳ್ಳಗಾಗಿದ್ದವು.

ಖುಷ್ಬು ಎಣ್ಣೆ ತಂದು ಆ ಸಂದಿಗಳಿಗೆ ಹಚ್ಚುತ್ತ, "ನಾ ಹೋಗ್ಲೇನಮ್ಮಾ?" ಅಂದಳು. "ಒಂದ ದಿನ ಅಲ್ಲ?"

ಖಾಜಾಬೀ ಕಾಲು ಹಿಂದಕ್ಕೆ ಎಳೆದುಕೊಂಡಳು. ಬೆಳಿಗ್ಗೆ ಎದ್ದು ಎರಡು ರೊಟ್ಟಿ ಜಾಸ್ತಿ ತಟ್ಟಿ ಗಂಟು ಕಟ್ಟಿದಳು. ಅಷ್ಟೇ. ಟಂಟಂ ಬರುವ ಹೊತ್ತಿಗೆ ನೀರು ತರುವ ನೆಪದಲ್ಲಿ ಹಿತ್ತಿಲಿಗೆ ಹೋಗಿದ್ದಳು. ಅದರಲ್ಲಿ ಯಾರ್‍ಯಾರು ಹತ್ತಿದರೆಂದು ನೋಡಲೇ ಇಲ್ಲ.

ಹನ್ನೊಂದಕ್ಕೆ ಹನ್ನೊಂದು ಮಂದಿಯೂ ಬಂದರು. ಶಾಲೆಯ ಹಾಲಿನಲ್ಲಿ ಸಾಲಾಗಿ ಕೂತರು. ಹೆಂಗಸರು ಒಳ್ಳೆಯ ಸೀರೆ ಉಟ್ಟಿದ್ದರು. ಎಲ್ಲರೂ ಒಟ್ಟಿಗೆ, ಒಣಗಿದ ಕಾಲಿನಲ್ಲಿ, ನೆರಳಿನಲ್ಲಿ ಕೂತದ್ದು ಯಾವಾಗಲೋ. ಇಬ್ಬರಿಗೆ ಕಣ್ಣು ಎಳೆದವು. ಸಿ.ಆರ್.ಪಿ. ಸಾಹೇಬರು ಫೋಟೊ ತೆಗೆದರು. ಮಾಸ್ತರು ಠರಾವು ಓದಿದರು. ಖಾಜಾಬೀ ಎದ್ದು, "ನಮ್ಮ ಹುಡುಗ್ಯಾರು ಕೆಸರಿಗೆ ಇಳೀಬಾರ್ದ್ರಿ ಸಾಹೇಬ್ರ, ಅಷ್ಟ," ಅಂದಳು. ಹತ್ತನೆಯ ಸಲ ಸಹಿ ಮಾಡಿದಳು. ಈ ಸಲ ಪೆನ್ನು ಸ್ವಲ್ಪ ಒತ್ತಿತು.

"ಛಲೋ ಆತು," ಅಂದರು ಸಾಹೇಬರು. "ಏಳನೆತ್ತಾ ಮಕ್ಕಳನ್ನ ಒಮ್ಮಿ ಎಣಿಸಿ ಬರಕೊಂಡು ಬಿಡ್ತೀನಿ. ಮುಂದಿನ ವರ್ಷ ಎಂಟನೆತ್ತಾಕ್ಕ ಬರೋವ್ರು ಅವ್ರ ಅಲ್ಲ?"

ಪಕ್ಕದ ಕೋಣೆಗೆ ಹೋದವರು ಬೇಗ ತಿರುಗಿ ಬಂದರು.

"ಬಸವಕುಮಾರ್, ಹುಡುಗ್ಯಾರು ಎಂಟು ಅಂದ್ರಿ. ಎರಡ ಅದಾವಲ್ರಿ."

ಮಾಸ್ತರು ಹಾಜರಿ ಪುಸ್ತಕ ನೋಡಿದರು, ಆಮೇಲೆ ಹೆಂಗಸರನ್ನು ನೋಡಿದರು. ಮಲ್ಲೇಶ್ವರಿ ಕೂಸಿನ ಟೊಪ್ಪಿಗೆ ಸರಿಮಾಡತೊಡಗಿದಳು. ಇನ್ನೊಬ್ಬಳು ನೆಲ ನೋಡಿದಳು. ಖಾಜಾಬೀ ಒಂದೊಂದೇ ಮುಖ ನೋಡುತ್ತ ಬಂದಳು.

"ನೀನೂ?" ಅಂದಳು ಮಲ್ಲೇಶ್ವರಿಗೆ.

"ಮತ್ತ ಯಾರನ್ನ ಕಳಸ್ಲಿ? ನೀ ಯಾರನ್ನ ಕಳಿಸಿದಿ?"

ಏಳು ಮಂದಿಯಲ್ಲಿ ಒಬ್ಬಳು ಮಾತ್ರ ಅತ್ತೆಯನ್ನು ಕಳಿಸಿದ್ದಳು. ಉಳಿದ ಆರು ಮಂದಿ ತಾನೊಬ್ಬಳೇ, ಒಂದೇ ದಿನ ಅಂದುಕೊಂಡು ಮಗಳನ್ನು ಕಳಿಸಿದ್ದರು.

"ಎಲ್ಲಿ ಹೋಗ್ಯಾರ?" ಸಾಹೇಬರು ಕೇಳಿದರು.

"ಗದ್ದಿಗ್ರಿ," ಅಂದಳು ಖಾಜಾಬೀ. "ನಾವು ಇಲ್ಲಿ ಬಂದು ಕುಂದರಲಿಕ್ಕ ಅಂತ."

ಸಾಹೇಬರು ಹಣೆ ಒರೆಸಿಕೊಂಡರು. ಅವರೂ ದಣಿದ ಮನುಷ್ಯ. "ನೋಡ್ರಿ ತಾಯಿ, ಕಣ್ಣಿಗೆ ಕಂಡಷ್ಟ ಬರೀಬೇಕು ನಾನು. ಎರಡು ಅಂತ ಬರದ್ರ ಮ್ಯಾಲಿನವ್ರು ಫೈಲ್ ತಿರುಗಿ ಒಗೀತಾರ. ಇನ್ನೆರಡು ಸಾಲಿ ಮುಗಿಸಿ ಮೂರೂವರಿಗೆ ಇದ ದಾರೀಲೆ ಬರ್ತೀನಿ. ಅಲ್ಲೀಮಟ ಈ ಕಾಲಂ ಖಾಲಿ ಬಿಡ್ತೀನಿ. ಇಷ್ಟ ನನ್ನ ಕೈಯಾಗಿರೋದು."

ಬೈಕಿನ ಸದ್ದು ದೂರಾಗುವ ಮೊದಲೇ ಖಾಜಾಬೀ ಹೊರಗೆ ಬಂದಿದ್ದಳು. ಹಿಂದೆ ನಾಲ್ವರು. ಗಾಡಿ ಇರಲಿಲ್ಲ, ಕಾಲುವೆ ದಂಡೆ ಹಿಡಿದು ಒಂದೂವರೆ ಮೈಲಿ. ಮಲ್ಲೇಶ್ವರಿ ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡಿದಳು. "ಕೊಡ್ರಿ ಇಲ್ಲೆ," ಅಂದು ಹೆಡ್ ಮಾಸ್ತರು ಕೂಸನ್ನು ಎತ್ತಿಕೊಂಡರು. ಅಭ್ಯಾಸ ಇದ್ದವರ ಹಾಗೆ ಅದರ ತಲೆಯನ್ನು ಹೆಗಲಿಗೆ ಒರಗಿಸಿಕೊಂಡರು. ಮಲ್ಲೇಶ್ವರಿ ಓಡಿ ಉಳಿದವರನ್ನು ಕೂಡಿಕೊಂಡಳು.

ಬಿಸಿಲು ನೆತ್ತಿಯ ಮೇಲಿತ್ತು. ಬೈಯಬೇಕು ಅಂದರೆ ಯಾರು ಯಾರನ್ನು ಬೈಯುವುದು?

ಗದ್ದೆಯಲ್ಲಿ ಹುಡುಗಿಯರು ಲಂಗ ಎತ್ತಿ ಕಟ್ಟಿ ಬಾಗಿದ್ದರು. ಅವರ ನಡುವೆ, ಸೊಸೆಯ ಬದಲಿಗೆ ಬಂದ ಅತ್ತೆ ಸೊಂಟ ಹಿಡಿದುಕೊಂಡು ಯಾರಿಗೋ ಶಾಪ ಹಾಕುತ್ತಿದ್ದಳು. ಓಬಳೆಪ್ಪ ಬದುವಿನ ಮೇಲೆ ಎದ್ದು ನಿಂತ. "ಮತ್ತೇನು ಬಂತಬೇ?"

"ಹುಡುಗ್ಯಾರನ್ನ ಬಿಡು. ಸಾಲಿಗೆ ಹೋಗ್ಬೇಕು. ಕೈ ಕಡಿಮಿ ಆಗಂಗಿಲ್ಲ, ನಾವು ಇಳೀತೀವಿ."

"ಟಂಟಂ?"

"ಬಿಟ್ಟು ಬರಲಿ. ಬಿಡಂಗಿಲ್ಲ ಅಂದ್ರ ನಿನ್ನ ಹೆಗಲ ಮ್ಯಾಲ ಹೊತಗೊಂಡು ಹೋಗು."

ಅವನು ಗೊಣಗಿ ಡ್ರೈವರನಿಗೆ ಕೈ ಮಾಡಿದ. ಹುಡುಗಿಯರು ಬದುವಿನ ಪಕ್ಕದ ಬೋದುಗಾಲುವೆಯ ನೀರಿನಲ್ಲಿ ಕಾಲು ತೊಳೆದರು. ಉಗುರಿನೊಳಗಿನ ಕೆಸರು ಹೋಗಲಿಲ್ಲ. ಖುಷ್ಬು ಕೈಯಲ್ಲಿ ಉಳಿದಿದ್ದ ಸಸಿಯ ಕಟ್ಟನ್ನು ತಾಯಿಗೆ ಕೊಟ್ಟಳು. "ಅಮ್ಮಾ, ನಾ ಹಿಂದ ಬೀಳಲಿಲ್ಲ," ಅಂದಳು, ನಗುತ್ತ.

"ಸುಳ್ಳಲ್ಲಬೇ," ಅಂದ ಓಬಳೆಪ್ಪ. "ನಿನ್ನ ಮಗಳ ಕೈ ಭಾಳ ಚುರುಕು. ರಜಾ ಇದ್ದಾಗ ಕಳಸು."

ಖಾಜಾಬೀಯ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಅವನು ಹೊಗಳಿದ್ದೇ ಆಗಿತ್ತು.

ಟಂಟಂ ಕಾಲುವೆ ದಂಡೆ ಹತ್ತಿ ಮರೆಯಾಯಿತು. ಒಳ್ಳೆಯ ಸೀರೆಯನ್ನು ಮೊಳಕಾಲಿನ ಮೇಲೆ ಎತ್ತಿ ಕಚ್ಚೆ ಹಾಕಿಕೊಂಡು ಅವಳು ನೀರಿಗಿಳಿದಳು. ಮಗಳು ನೆಟ್ಟ ಸಾಲು ಎದುರಿಗಿತ್ತು. ದಾರ ಹಿಡಿದು ನೆಟ್ಟಂತಿತ್ತು, ಎಲ್ಲಿಯೂ ಸೊಟ್ಟಗಿರಲಿಲ್ಲ. ಸಾಲು ಮುಗಿದ ಕಡೆ ಎರಡು ಸಣ್ಣ ಹೆಜ್ಜೆಗಳಿದ್ದವು, ಅವುಗಳ ಮುಂದೆ ಬೆರಳು ಒತ್ತಿ ಸಸಿ ಇಡದೆ ಬಿಟ್ಟ ಒಂದು ಗುಳಿ. ಅದು ಕೆಸರಿನಿಂದ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಖಾಜಾಬೀ ಆ ಹೆಜ್ಜೆಗಳ ಮೇಲೆಯೇ ತನ್ನ ಕಾಲಿಟ್ಟು ಬಾಗಿದಳು. ಗುಳಿ ಪೂರಾ ಮುಚ್ಚುವ ಮೊದಲು ಅದರಲ್ಲಿ ಒಂದು ಸಸಿ ಊರಿದಳು.