ಬೀಗ ಹಾಕಿದ ಮನೆಯೊಳಗೆ ಮೂರು ಜನ

ಪಿಲ್ಲಗುಂಪೆಯ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಊರುಗಳಲ್ಲಿ ಕೆಲವು ಬೀದಿಗಳು ಹಗಲೆಲ್ಲ ಮಲಗಿರುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರು ಬೆಳಗ್ಗೆ ಎಂಟಕ್ಕೆ ಚಾಪೆ ಹಾಸಿದರೆ ಮಧ್ಯಾಹ್ನ ಮೂರರವರೆಗೆ ಅಲುಗುವುದಿಲ್ಲ. ಸೊಪ್ಪು ಮಾರುವವಳು ಆ ಬೀದಿಗೆ ಬಂದಳೆಂದರೆ ತಾನಾಗೇ ದನಿ ತಗ್ಗಿಸುತ್ತಾಳೆ. ನಾಯಿಗಳೂ ಅಲ್ಲಿ ಬೊಗಳುವುದು ಕಡಿಮೆ.

ವರಲಕ್ಷ್ಮಮ್ಮನ ಹಿತ್ತಲಿನ ಸಾಲುಮನೆ ಅಂಥದ್ದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಗಂಡ ಮುನಿವೆಂಕಟಪ್ಪ ಎಂಟು ಕೋಣೆ ಎಬ್ಬಿಸಿ, ಮೇಲೆ ಶೀಟು ಹೊದಿಸಿ, ಬಾಡಿಗೆಗೆ ಬಿಟ್ಟು ಹನ್ನೊಂದು ವರ್ಷ. ಊಟ ಮುಗಿಸಿ ಅವಳು ಹಿತ್ತಲ ಬಾಗಿಲಲ್ಲಿ ಕೂತರೆ ಎಂಟೂ ಕೋಣೆಗಳ ಉಸಿರು ಒಂದಾಗಿ ಕೇಳಿಸುತ್ತಿತ್ತು. ತಂತಿಯ ಮೇಲಿನ ಸೀರೆ ಗಾಳಿಗೆ ಉಬ್ಬಿ ಇಳಿದಂತೆ ಸಾಲು ಪೂರ್ತಿ ಉಬ್ಬಿ ಇಳಿಯುತ್ತಿದೆ ಅನ್ನಿಸುತ್ತಿತ್ತು. ಶೀಟಿನ ಮೇಲೆ ಬಿಸಿಲು ಕುಣಿಯುತ್ತಿದ್ದರೆ, ಕೆಳಗೆ ಯಾರದೋ ಕನಸು ನಡೆಯುತ್ತಿರುತ್ತಿತ್ತು.

ಮೂರನೇ ಕೋಣೆಗೆ ಮಾತ್ರ ಹೊರಗಿನಿಂದ ಬೀಗ. ಅದರಲ್ಲಿ ಬಾಗೇಪಲ್ಲಿ ಕಡೆಯಿಂದ ಬಂದ ಗೋವಿಂದರಾಜು, ಅವನ ಹೆಂಡತಿ ಕದಿರಮ್ಮ, ಮೂರೂವರೆ ವರ್ಷದ ಮಗಳು ಕೀರ್ತನ ವಾಸ. ಗಂಡ ಹೆಂಡತಿ ಬಂದು ಐದು ವರ್ಷ. ಮಗು ಹುಟ್ಟಿದ್ದೂ ಇಲ್ಲಿಗೆ ಬಂದ ಮೇಲೆಯೇ. ಗಂಡನಿಗೆ ರಾತ್ರಿ ಪಾಳಿ, ಹೆಂಡತಿಗೆ ಹಗಲು ಪಾಳಿ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅವರೇ ಕೇಳಿಕೊಂಡು ಹಾಗೆ ಪಾಳಿ ಹಾಕಿಸಿಕೊಂಡದ್ದು. ಅವನು ಮನೆ ಸೇರಿದ ಮೇಲೆ ಇವಳು ಮುಂದಿನ ಬಸ್ಸು ಹತ್ತುತ್ತಾಳೆ. ಹೊರಡುವ ಮುಂಚೆ ಇಬ್ಬರನ್ನೂ ಒಳಗೆ ಬಿಟ್ಟು ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ವರಲಕ್ಷ್ಮಮ್ಮನ ಕೈಗೆ ಕೊಡುತ್ತಾಳೆ. ದುಡಿದು ಬಂದು ಕೊರಡಿನಂತೆ ಮಲಗುವ ಅಪ್ಪನ ಪಕ್ಕದಿಂದ ಎದ್ದು ಮಗು ಟಿಪ್ಪರ್ ಓಡಾಡುವ ರಸ್ತೆಗೆ ಹೋಗಿಬಿಟ್ಟರೆ ಎಂಬ ಭಯ. ಒಮ್ಮೆ ಹಾಗೆ ಹೋಗಿಯೂ ಇತ್ತು.

ಅಂಗನವಾಡಿ ಇರುವುದು ಹೆದ್ದಾರಿಯ ಆಚೆ, ಹಳೇ ಊರಲ್ಲಿ. ಈ ಬೀದಿಗೊಂದು ಬೇಕೆಂದು ಕದಿರಮ್ಮ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದಳು. ಅಲ್ಲಿದ್ದವರು ಕಡತ ತಿರುವಿ, ಹಿಂದಿನ ಜನಗಣತಿಯ ಹೊತ್ತಿಗೆ ಅದು ರಾಗಿ ಹೊಲ, ಹೊಲದಲ್ಲಿ ಮಕ್ಕಳು ಎಲ್ಲಿಂದ ಬಂದರು ಎಂದು ನಕ್ಕಿದ್ದರಂತೆ. ಯುಗಾದಿ ಕಳೆದ ಮೇಲೆ ಕೀರ್ತನಳನ್ನು ತವರಿಗೆ ಬಿಟ್ಟು ಬರುವುದೆಂದು ಕದಿರಮ್ಮ ತೀರ್ಮಾನಿಸಿದ್ದಳು. ಅದನ್ನು ಹೇಳಿದ ದಿನ ವರಲಕ್ಷ್ಮಮ್ಮನಿಗೆ ಅನ್ನ ಸೇರಲಿಲ್ಲ. ಮಧ್ಯಾಹ್ನಕ್ಕೊಮ್ಮೆ ಬೀಗ ತೆಗೆದು, ಮಗುವನ್ನು ಎತ್ತಿಕೊಂಡು ಬಂದು ಮುದ್ದೆ ಮುರಿದು ತಿನ್ನಿಸಿ, ಮತ್ತೆ ಒಳಗೆ ಬಿಟ್ಟು ಬರುವುದು ಅವಳ ದಿನದ ಕೆಲಸವಾಗಿ ಹೋಗಿತ್ತು. ಮತ್ತೆ ಬೀಗ ಹಾಕುವಾಗ ಮಾತ್ರ ಅವಳು ಆ ಕಡೆ ಈ ಕಡೆ ನೋಡುತ್ತಿದ್ದಳು.

ಹಾಗಿರುವಾಗ ಒಂದು ದಿನ ಜನಗಣತಿಯ ಟೀಚರ್ ಬಂದರು. ಹೆಸರು ಶಶಿರೇಖಾ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. ಜಗಲಿಯಲ್ಲಿ ಕೂತು, ಮನೆಯಲ್ಲಿ ಎಷ್ಟು ಜನ ವಾಸವಿದ್ದೀರಿ ಎಂದು ಕೇಳಿದರು. ಮುನಿವೆಂಕಟಪ್ಪ ರೇಷನ್ ಕಾರ್ಡ್ ತಂದು ಮುಂದಿಟ್ಟ. ನಾಲ್ಕು ಜನ, ಇದರಲ್ಲಿ ಇದ್ದ ಹಾಗೆ ಬರೆದುಕೊಳ್ಳಿ ಎಂದ. ಕಾರ್ಡಿನಲ್ಲಿದ್ದ ಪಾಪಕ್ಕ ಅವನ ತಾಯಿ, ತೀರಿಕೊಂಡು ನಾಲ್ಕು ವರ್ಷ. ಬಿಂದುಶ್ರೀ ಮಗಳು, ಮಧುರೆಗೆ ಕೊಟ್ಟು ಅವಳಿಗೇ ಇಬ್ಬರು ಮಕ್ಕಳು. ಆ ಮನೆಯಲ್ಲಿ ಉಂಡು ಮಲಗುವವರು ಇಬ್ಬರೇ.

ಕಾರ್ಡು ಬೇಡ, ಯಾವ ಕಾಗದವೂ ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದು ಟೀಚರ್ ಅದನ್ನು ವಾಪಸ್ಸು ಕೊಟ್ಟು, ಹಿಂದಿನ ಕೋಣೆಗಳ ಕಡೆ ನೋಡಿದರು. ಎದ್ದು ಕಾಣುತ್ತಿದ್ದದ್ದು ಮೂರನೆಯದರ ಬೀಗ, ಉಳಿದ ಬಾಗಿಲುಗಳೂ ಮುಚ್ಚಿದ್ದವು.

"ಅವೆಲ್ಲ ಖಾಲಿ ಕಣಮ್ಮ," ಎಂದ ಮುನಿವೆಂಕಟಪ್ಪ. "ಬೀಗ ಕಾಣ್ತಿಲ್ವಾ?"

ಕೋಣೆ ಬರೆಸಿದರೆ ಕಂದಾಯ ಏರುತ್ತದೆಂದು ಟೀ ಅಂಗಡಿಯಲ್ಲಿ ಯಾರೋ ಅವನ ತಲೆಗೆ ತುಂಬಿದ್ದರು. ಟೀಚರ್ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ನೋಡಿದರು. ಕಾರ್ಖಾನೆಯ ನೀಲಿ ಅಂಗಿ, ಅದರ ಪಕ್ಕದಲ್ಲಿ ಗೇಣುದ್ದದ ಫ್ರಾಕು. ವರಲಕ್ಷ್ಮಮ್ಮ ಸೊಂಟದಲ್ಲಿದ್ದ ಕೀಲಿಯ ಮೇಲೆ ಸೆರಗು ಎಳೆದುಕೊಂಡಳು. ಅವಳಿಗೆ ಕಂದಾಯದ ಚಿಂತೆಯಿರಲಿಲ್ಲ. ಬೀಗ ತೆಗೆದರೆ, ಮಗುವನ್ನು ಕೂಡಿ ಹಾಕುವ ಹೆಂಗಸು ಎಂದು ಈ ಟೀಚರ್ ನನ್ನನ್ನು ನೋಡುತ್ತಾಳಲ್ಲ ಎಂಬ ನಾಚಿಕೆ. 

"ಬೀಗದ ಮನೆ ಅಂತ ಗುರುತು ಮಾಡ್ಕೊಂಡಿದೀನಿ ಅಮ್ಮ, ಖಾಲಿ ಅಂತ ಇನ್ನೂ ಹಾಕಿಲ್ಲ," ಎಂದು ಟೀಚರ್ ಅವಳಿಗೇ ಹೇಳಿ ಎದ್ದರು. "ನಾಳೆ ಇದೇ ಹೊತ್ತಿಗೆ ಬರ್ತೀನಿ. ಈ ಬೀದಿ ಮುಗಿಸೋದು ನಾಳೇನೇ."

ಮಧ್ಯಾಹ್ನ ವರಲಕ್ಷ್ಮಮ್ಮ ಗೋಡೆಗೆ ಒರಗಿದ್ದಷ್ಟೇ. ಸಾಲುಮನೆಯ ನಿದ್ದೆ ಹೊಗೆಯ ಹಾಗೆ ಬಂದು ಅವಳನ್ನೂ ಸುತ್ತಿಕೊಂಡಿತು.

ಅವಳು ತನ್ನ ತವರು ನಲ್ಲೂರಿನ ಹುಣಸೆ ತೋಪಿನಲ್ಲಿದ್ದಳು. ನೂರಾರು ವರ್ಷದ ಮರಗಳು ಮುದುಕರ ಹಾಗೆ ಸೊಂಟ ತಿರುಚಿಕೊಂಡು ನಿಂತಿದ್ದವು. ಕೆಳಗೆ ಊಟದ ಪಂಕ್ತಿ. ಎಲೆ ಹಾಕಿತ್ತು, ನೀರು ಚಿಮುಕಿಸಿತ್ತು. ಮೊದಲ ಎಲೆಗೆ ಅತ್ತೆ ಪಾಪಕ್ಕ ಕೂತಿದ್ದಳು. ಬಡಿಸಿದಷ್ಟೂ ಎಲೆಯಲ್ಲೇ ಉಳಿಯುತ್ತಿತ್ತು. ಅವಳ ಬೆರಳು ಅನ್ನದೊಳಗೆ ಬೆಳಕಿನ ಹಾಗೆ ಹಾದು ಹೋಗುತ್ತಿತ್ತು. ಪಕ್ಕದ ಎಲೆ ಬಿಂದುಶ್ರೀಯದು. ಅಲ್ಲಿ ಯಾರೂ ಇರಲಿಲ್ಲ, ಆದರೂ ಬಡಿಸುವವನು ತುಪ್ಪ ಹಾಕುತ್ತಲೇ ಇದ್ದ. ಮರಗಳ ಹಿಂದೆ ಸಾಲುಮನೆಯವರು ನೀಲಿ ಅಂಗಿ ತೊಟ್ಟು, ಕಣ್ಣು ಮುಚ್ಚಿಕೊಂಡು, ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ಅವರಿಗೆ ಎಲೆಯಿರಲಿಲ್ಲ. ಬಡಿಸುವವನು ಒಬ್ಬೊಬ್ಬರ ಮುಂದೆಯೂ ನಿಂತು, ಖಾಲಿ ಎಂದು ಮೆಲ್ಲಗೆ ಹೇಳಿ ಮುಂದೆ ಹೋಗುತ್ತಿದ್ದ. ಹಾಗೆ ಹೇಳಿದ ಕೂಡಲೇ ಅವರು ಒಬ್ಬೊಬ್ಬರಾಗಿ ಮರದ ನೆರಳಿನೊಳಕ್ಕೆ ಕರಗುತ್ತಿದ್ದರು. ಒಂದು ಮರದ ಪೊಟರೆಯಿಂದ ಪುಟ್ಟ ಕೈಯೊಂದು ಹೊರಗೆ ಚಾಚಿತ್ತು. ಯಾರ ಮಗುವದು ಎಂದು ಬಡಿಸುವವನು ಕೇಳಿದ. ಹೆಸರು ಅವಳ ನಾಲಗೆಯ ತುದಿಯಲ್ಲೇ ಇತ್ತು. ಅವಳು ಹೇಳಲಿಲ್ಲ. ಕೈ ಒಳಗೆ ಹೋಯಿತು.

ಎಚ್ಚರಾದಾಗ ಬಿಸಿಲು ಇನ್ನೂ ಅಲ್ಲೇ ಇತ್ತು. ಮೂರನೇ ಕೋಣೆಯ ಕಿಟಕಿಯ ಸರಳಿನ ಸಂದಿಯಲ್ಲಿ ಕೀರ್ತನ ಸುಮ್ಮನೆ ಅವಳನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಟೀಚರ್ ಬಂದಾಗ ವರಲಕ್ಷ್ಮಮ್ಮ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹಿತ್ತಲಿಗೆ ನಡೆದು ಮೂರನೇ ಬಾಗಿಲ ಬೀಗ ತೆಗೆದಳು. ಒಳಗೆ ಗೋವಿಂದರಾಜು ಬಾಯಿ ತೆರೆದು ಮಲಗಿದ್ದ. ಅವನ ತಲೆಯ ಹತ್ತಿರ ಕೂತು ಮಗು ರಟ್ಟಿನ ಚೂರಿನಿಂದ ನೊಣ ಓಡಿಸುತ್ತಿತ್ತು. ಟೀಚರ್ ಹೊಸಿಲಲ್ಲಿ ಬಗ್ಗಿ ಹೆಸರು ಕೇಳಿದರು. ಮಗು ಅಪ್ಪನ ಕಡೆ ತೋರಿಸಿ, ತುಟಿಗೆ ಬೆರಳಿಟ್ಟು, ಗಾಳಿಯಂಥ ದನಿಯಲ್ಲಿ ಹೇಳಿತು.

"ಮೆಲ್ಲಗೆ. ನಾಯ್ನ ಮಲ್ಗೈತೆ."

ಹಿಂದೆಯೇ ಬಂದಿದ್ದ ಮುನಿವೆಂಕಟಪ್ಪ ನಿಂತುಬಿಟ್ಟ. ಆ ಮಗು ಮೂಗಿಯೆಂದೇ ಅವನು ಇಷ್ಟು ದಿನ ತಿಳಿದಿದ್ದ. ಹಗಲು ಮಲಗುವವರ ನಡುವೆ ಹುಟ್ಟಿ ಬೆಳೆದ ಮಗು ಪಿಸುಮಾತಿನಲ್ಲೇ ಮಾತು ಕಲಿತಿತ್ತು. ಗಟ್ಟಿಯಾಗಿ ಮಾತಾಡಬಹುದೆಂಬುದೇ ಅದಕ್ಕೆ ಗೊತ್ತಿರಲಿಲ್ಲ.

ಟೀಚರ್ ಬೈಯುವರೆಂದು ವರಲಕ್ಷ್ಮಮ್ಮ ಕಾದಳು. ಟೀಚರ್ ಬೈಯಲಿಲ್ಲ. ಈ ಬೀದಿಯಲ್ಲಿ ಇಂಥ ಬೀಗಗಳನ್ನು ಬೆಳಗ್ಗೆಯಿಂದ ಐದು ನೋಡಿದೆ ಎಂದಷ್ಟೇ ಹೇಳಿದರು.

ಮುನಿವೆಂಕಟಪ್ಪ ಗಂಟಲು ಸರಿಮಾಡಿಕೊಂಡ. ದನಿ ಅವನಿಗೇ ಗೊತ್ತಿಲ್ಲದೆ ತಗ್ಗಿತ್ತು. "ಅಲ್ಲಮ್ಮ, ನಾಳೆ ಪಂಚಾಯ್ತಿಯೋರು ಕಂದಾಯ ಅಂತ ಬಂದ್ರೆ ಏನ್ಮಾಡೋದು?"

ಜನಗಣತಿಗೂ ಕಂದಾಯಕ್ಕೂ ಸಂಬಂಧವಿಲ್ಲ ಎಂದು ಟೀಚರ್ ಬಿಡಿಸಿ ಹೇಳಿದರು. ಇಲ್ಲಿ ಒಬ್ಬೊಬ್ಬರು ಹೇಳಿದ್ದು ಗುಟ್ಟಾಗಿಯೇ ಇರುತ್ತದೆ, ಅದನ್ನು ತೆರಿಗೆಯವರಿಗಾಗಲಿ ಪೊಲೀಸರಿಗಾಗಲಿ ತೋರಿಸುವಂತಿಲ್ಲ, ಕಾನೂನೇ ಹಾಗಿದೆ ಎಂದರು. ಬ್ಯಾಂಕ್ ಖಾತೆ, ಓಟಿಪಿ ಯಾರಾದರೂ ಕೇಳಿದರೆ ಅವರು ಜನಗಣತಿಯವರೇ ಅಲ್ಲ, ಬಾಗಿಲು ಹಾಕಿಕೊಳ್ಳಿ ಎಂದೂ ಸೇರಿಸಿದರು.

"ಇವ್ರು ನಮ್ಮೂರೋರಲ್ಲ. ಅವರೂರಲ್ಲಿ ಬರ್ಕೊಳ್ತಾರೆ ಬಿಡಿ," ಎಂದು ಅವನು ಕೊನೆಯ ಮಾತು ಹೂಡಿದ.

ಅದಕ್ಕೆ ಉತ್ತರ ಕೊಟ್ಟವಳು ಹೆಂಡತಿ. "ಅವರೂರಲ್ಲಿ ಇವ್ರ ಮನೆ ಬಾಗ್ಲು ಮುಚ್ಚಿ ಐದು ವರ್ಷ ಆಯ್ತು. ಅಲ್ಲೂ ಬೀಗ, ಇಲ್ಲೂ ಬೀಗ. ಇನ್ನೆಲ್ಲಿ ಬರ್ಕೊಳ್ತಾರೆ? ತಿಂಗ್ಳು ತಿಂಗ್ಳು ಬಾಡ್ಗೆ ಈಸ್ಕೊಳ್ಳೋವಾಗ ಇವ್ರು ಜನ, ಟೀಚರಮ್ಮ ಕೇಳ್ದಾಗ ಖಾಲಿ ರೂಮಾ? ಸತ್ತಿರೋ ಅತ್ತೇನ ಬರೆಸ್ತೀರ, ಉಸ್ರಾಡೋ ಮಗೀನ ಬಿಡ್ತೀರ."



ಈಗ ಎಲ್ಲಿ ವಾಸವಿದ್ದಾರೋ ಅಲ್ಲೇ ಲೆಕ್ಕ, ಹುಟ್ಟಿದೂರು ಯಾವುದಾದರೂ ಆಗಲಿ ಎಂದರು ಟೀಚರ್. ಬೇರೆ ಒಲೆ ಹಚ್ಚುವವರು ಬೇರೆ ಕುಟುಂಬ, ಅವರನ್ನು ಬೇರೆಯಾಗೇ ಬರೆಯಬೇಕು.

"ಹಂಗಾದ್ರೆ ಬರೆದ್ರೆ ಅಂಗನವಾಡಿ ಬತ್ತದಾ ಟೀಚರಮ್ಮ?" ಎಂದು ಕೇಳಿದಳು ವರಲಕ್ಷ್ಮಮ್ಮ.

ಟೀಚರ್ ಮೊಬೈಲಿನಿಂದ ತಲೆಯೆತ್ತಿದರು. "ಬಂದೇ ಬರುತ್ತೆ ಅಂತ ಸುಳ್ಳು ಹೇಳಲ್ಲ ಅಮ್ಮ. ಅದಕ್ಕೆ ನೀವು ಕೇಳ್ಬೇಕು, ಬಿಡದೆ ಕೇಳ್ಬೇಕು. ಆದ್ರೆ ಲೆಕ್ಕದಲ್ಲೇ ಇಲ್ದೇ ಇರೋ ಮಗೂಗೆ ಅಂಗನವಾಡಿ ಕೊಡಲ್ಲ ಅಂತ ಹೇಳೋ ಕಷ್ಟವನ್ನೂ ಯಾರೂ ತಗೊಳ್ಳಲ್ಲ."

ಮುನಿವೆಂಕಟಪ್ಪ ಬಗ್ಗಿ ಒಳಗೆ ನೋಡಿದ. ಮಗು ಇನ್ನೂ ಅಪ್ಪನ ಮುಖದ ಮೇಲಿನ ನೊಣ ಓಡಿಸುತ್ತಿತ್ತು. ಆಮೇಲೆ, ಇಲ್ಲಿ ಮೂರು ಜನ, ಬರೆದುಕೊಳ್ಳಿ ಎಂದ. ಮತ್ತೆ ಟೀಚರ್ ಕಡೆ ತಿರುಗಿ, "ನಮ್ಮನೇಲಿ ಇಬ್ರೇ ಕಣಮ್ಮ. ನಮ್ಮವ್ವ ಇಲ್ಲ," ಎಂದ. ನಾಲ್ಕು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಬಳಿಕ ತಾನೇ ಹೋಗಿ ಒಂದೊಂದು ಬಾಗಿಲನ್ನೂ ತಟ್ಟಿದ. ನಿದ್ದೆಗಣ್ಣಿನ ಜನ ಕನಸಿನ ಮಧ್ಯದಿಂದ ಎದ್ದು ಬಂದವರ ಹಾಗೆ ಬಾಗಿಲಿಗೆ ಬಂದು, ಎಷ್ಟು ಜನ ಇದ್ದೀವಿ, ನೀರು ಎಲ್ಲಿಂದ, ಶೌಚಾಲಯ ಎಷ್ಟು ಮನೆಗೆ ಒಂದು ಎಂದು ಹೇಳಿದರು. ಎಂಟು ಕೋಣೆಗಳಲ್ಲಿ ಇಪ್ಪತ್ತಾರು ಜನ. ಆರು ವರ್ಷದೊಳಗಿನ ಮಕ್ಕಳೇ ಏಳು. ಶೌಚಾಲಯ ಎರಡು. ಅದನ್ನು ಹೇಳುವಾಗ ಮುನಿವೆಂಕಟಪ್ಪ ತಲೆ ತಗ್ಗಿಸಿದ.

ಸಂಜೆ ಕದಿರಮ್ಮ ಬಂದು ವಿಷಯ ಕೇಳಿ, ಹೊಸಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೊಂದು ಅರ್ಜಿ ಬರೆಯೋಣ, ಈ ಸಲ ಬೀದಿಯ ಎಲ್ಲ ಮನೆಗಳಲ್ಲೂ ಸಹಿ ಹಾಕಿಸೋಣ ಎಂದಳು ವರಲಕ್ಷ್ಮಮ್ಮ. ಮೊದಲ ಸಹಿ ತನ್ನದು, ಎರಡನೆಯದು ಯಜಮಾನರದು. ಮಗುವನ್ನು ತವರಿಗೆ ಕಳಿಸುವ ಮಾತು ಸದ್ಯಕ್ಕೆ ನಿಂತಿತು. ಈಗ ಹಗಲು ಹೊತ್ತು ಕೀರ್ತನ ಮುಂದಿನ ಜಗಲಿಯಲ್ಲಿರುತ್ತಾಳೆ. ಅಲ್ಲಿ ಮಲಗಿದವರಿಲ್ಲ, ಕೂಗಬಹುದು ಎಂದು ಮುನಿವೆಂಕಟಪ್ಪನೇ ಅವಳಿಗೆ ಹೇಳಿಕೊಡುತ್ತಿದ್ದಾನೆ. ಅವಳಿಗಿನ್ನೂ ನಂಬಿಕೆ ಬಂದಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಾಗಿಲಿಗೂ ಜನಗಣತಿಯವರು ಬರುತ್ತಾರೆ. ಗುರುತಿನ ಚೀಟಿ ನೋಡಿ, ಕೂರಿಸಿ, ಇದ್ದದ್ದು ಇದ್ದ ಹಾಗೆ ಹೇಳಿ. ನಿಮ್ಮ ಹಿತ್ತಲಲ್ಲಿ, ಮಹಡಿಯಲ್ಲಿ, ಶೀಟಿನ ಕೆಳಗೆ ಯಾರ್ಯಾರು ವಾಸವಿದ್ದಾರೋ ಅವರೆಲ್ಲರನ್ನೂ ಹೇಳಿ. ನೀವು ಬಾಡಿಗೆಗಿರುವವರಾದರೆ, ಮನೆ ಮಾಲೀಕರು ಹೇಳಲಿ ಎಂದು ಕಾಯಬೇಡಿ, ನಿಮ್ಮ ಬಾಯಿಂದ ನೀವೇ ಹೇಳಿ. ಈ ನೆಲದಲ್ಲಿ ದುಡಿದು ಉಣ್ಣುವ ಯಾರನ್ನೂ ಖಾಲಿ ಎಂದು ಬರೆಯುವ ಹಕ್ಕು ಯಾರಿಗೂ ಇಲ್ಲ. ರಾತ್ರಿಯೆಲ್ಲ ದುಡಿದು ಬಂದು ಮಲಗಿದ್ದಾರೆ ಪಾಪ ಎಂದು ಆ ಒಂದು ದಿನ ಸುಮ್ಮನಿರಬೇಡಿ. ಹೋಗಿ ಬಾಗಿಲು ತಟ್ಟಿ. ಒಂದು ಹಗಲಿನ ನಿದ್ದೆ ಕೆಟ್ಟರೆ ಕೆಡಲಿ, ಎಬ್ಬಿಸಿ.