ಪೈಪಿಲ್ಲದ ಗೋಡೆ

ನನ್ನ ಗಂಡ ಪ್ಲಂಬರ್. ಮೂವತ್ತು ವರ್ಷದಿಂದ ಊರವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದ ಮಹಾರಾಯರು ನಮ್ಮ ಬಚ್ಚಲಿನ ನಲ್ಲಿಗೆ ಮಾತ್ರ ಇನ್ನೂ ದಾರ ಸುತ್ತಿಟ್ಟಿದ್ದಾರೆ. ಅದಿರಲಿ.

ಎರಡು ವರ್ಷದ ಹಿಂದೆ ಅವರ ಹೃದಯದ ರಕ್ತನಾಳವೊಂದು ಕಟ್ಟಿಕೊಂಡು, ಅದನ್ನು ತೆರೆದಿಡಲು ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಹಾಕಿದ್ದರು. ಮತ್ತೆ ಎದೆ ಹಿಡಿದರೆ ತಕ್ಷಣ ಹೇಳಬೇಕೆಂದು ಡಾಕ್ಟರಮ್ಮ ಆಗಲೇ ತಾಕೀತು ಮಾಡಿದ್ದರು. ಹೇಳುವ ಪ್ರಾಣಿಯೇ ಇದು?

ನಮ್ಮ ಮನೆ ಏರುಬೀದಿಯ ತುದಿಯಲ್ಲಿದೆ. ಎರಡು ತಿಂಗಳಿಂದ ಇವರು ಏರು ಹತ್ತುವಾಗ ಅಲ್ಲಲ್ಲಿ ನಿಂತು ಯಾರದೋ ಮನೆಯ ಗೋಡೆಗೆ ಕಿವಿ ಹಚ್ಚುತ್ತಿದ್ದರು. ಕೇಳಿದರೆ, "ಒಳಗೆ ಪೈಪು ಸೋರ್ತಾ ಇದ್ಯಾ ಅಂತ ನೋಡ್ತಿದೀನಿ" ಎನ್ನುತ್ತಿದ್ದರು. ಎಂಥ ಶ್ರದ್ಧೆ ಎಂದು ಬೀದಿಯವರೆಲ್ಲ ಹೊಗಳಿದರು. ನಾನೂ ಬೀಗಿದೆ. ಮೂರನೆಯ ಮನೆಯವರಂತೂ ಹೆದರಿ ಗೋಡೆ ಒಡೆಸಿಯೇ ನೋಡಿದರು. ಪೈಪು ಗಟ್ಟಿಯಾಗಿತ್ತು.

ಒಂದು ಬೆಳಗ್ಗೆ ದರ್ಜಿ ಅಂಗಡಿಯ ಗೋಡೆಗೆ ಕಿವಿ ಹಚ್ಚಿ ನಿಂತರು. ಆ ಗೋಡೆಯೊಳಗೆ ಪೈಪೇ ಇಲ್ಲವೆಂದು ಹಿಂದೊಮ್ಮೆ ನನಗೆ ಹೇಳಿದವರು ಇವರೇ. ಹತ್ತಿರ ಹೋಗಿ ನೋಡಿದರೆ ಹಣೆಯ ತುಂಬ ಬೆವರು, ಕೈ ಎದೆಯ ಮೇಲೆ. ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

"ಎಷ್ಟು ದಿನದಿಂದ ಹೀಗೆ?"

"ಗೋಡೆ ಹಳೇದು ಕಣೇ..."

"ನಾನು ಕೇಳಿದ್ದು ನಿಮ್ಮ ಎದೆ ವಿಷಯ."

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ, ಸ್ಟೆಂಟಿನ ಒಳಗೇ ನಾಳ ಮತ್ತೆ ಕಿರಿದಾಗಿತ್ತು.

"ಇನ್ನೊಂದು ಸ್ಟೆಂಟ್ ಹಾಕಿದ್ರೆ ಒಂದರೊಳಗೊಂದಾಗಿ ಜಾಗ ಇನ್ನೂ ಕಮ್ಮಿ ಆಗುತ್ತೆ" ಎಂದರು ಡಾಕ್ಟರಮ್ಮ. "ಔಷಧಿ ಸವರಿರೋ ಬಲೂನ್ ಕಳಿಸಿ ಅಲ್ಲೇ ಉಬ್ಬಿಸ್ತೀವಿ. ಒಂದು ನಿಮಿಷದಲ್ಲಿ ಔಷಧಿ ನಾಳದ ಗೋಡೆಗೆ ಅಂಟುತ್ತೆ. ಬಲೂನ್ ವಾಪಸ್ ತೆಗೀತೀವಿ."

"ಒಳಗೆ ಏನೂ ಇಡದೆ ಬಂದ್ರೆ ಅದೆಂಥ ರಿಪೇರಿ ಡಾಕ್ಟ್ರಮ್ಮ? ನಾನು ಒಂದು ವಾಷರ್ ಆದ್ರೂ ಹಾಕ್ದೆ ಯಾರ ಮನೆಯಿಂದ್ಲೂ ಬಂದೋನಲ್ಲ."

ಸಹಿ ಹಾಕಬೇಕಾದ ಕಾಗದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ನಾನು ಎದ್ದು ನಿಂತೆ.

"ಸಹಿ ಹಾಕ್ಬೇಡಿ ಬಿಡಿ. ಬನ್ನಿ ಮನೆಗೆ. ಆ ಏರನ್ನ ಒಂದು ಸಲವೂ ನಿಲ್ಲದೆ ಹತ್ತಿ ತೋರ್ಸಿ, ಸಾಕು."

ತೆಪ್ಪಗೆ ಸಹಿ ಹಾಕಿದರು.

ಒಳಗೆ ನಡೆದದ್ದನ್ನು ನರ್ಸ್ ಆಮೇಲೆ ನಗುತ್ತ ಹೇಳಿದಳು. ಮಣಿಕಟ್ಟಿನಿಂದ ಸಣ್ಣ ಕೊಳವೆ ಹಾಕಿದ್ದರು, ಇವರಿಗೆ ಪೂರ್ತಿ ಎಚ್ಚರವಿತ್ತು. ಬಲೂನ್ ಉಬ್ಬಿದಾಗ ಎದೆ ಬಿಗಿಯಿತು. ಹಲ್ಲು ಕಚ್ಚಿಕೊಂಡು ಒಂದು, ಎರಡು ಎಂದು ಎಣಿಸತೊಡಗಿದರಂತೆ. ನಲವತ್ತಕ್ಕೆ ಬರುವಷ್ಟರಲ್ಲಿ ಬುದ್ಧಿ ಹೇಳುವುದೂ ಶುರುವಾಯಿತಂತೆ.

"ಆತುರ ಪಡ್ಬೇಡಿ ಡಾಕ್ಟ್ರಮ್ಮ. ಅಂಟಿನ ಕೆಲಸ, ಇನ್ನೊಂದೈದು ನಿಮಿಷ ಹಿಡ್ಕೊಳಿ."

"ಅಷ್ಟು ಹೊತ್ತು ಆ ನಾಳದಲ್ಲಿ ರಕ್ತ ನಿಂತಿರುತ್ತೆ ಮೇಸ್ತ್ರಿ."

"ಅಯ್ಯೋ, ವಾಲ್ವ್ ಬಂದ್ ಮಾಡಿದೀರಾ? ಹಾಗಾದ್ರೆ ಬೇಗ ತೆಗೀರಿ."

ತೆಗೆದ ಬಲೂನನ್ನು ಮನೆಯಾಕೆಗೆ ತೋರಿಸಬೇಕು, ಅದು ನಮ್ಮ ಕಸುಬಿನ ಪದ್ಧತಿ ಎಂದು ಹಟವನ್ನೂ ಹಿಡಿದರಂತೆ. ಯಾರೂ ಕೊಡಲಿಲ್ಲ.

ಮೂರು ವಾರದ ಮೇಲೆ ಮರುತಪಾಸಣೆ ಮುಗಿಸಿ, ಎಲ್ಲ ಸರಿಯಿದೆ ಎನಿಸಿಕೊಂಡು ಇಬ್ಬರೂ ಏರು ಹತ್ತುತ್ತಿದ್ದೆವು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ತರಕಾರಿ ಚೀಲ ಹಿಡಿದು, ಮುಚ್ಚಿಟ್ಟ ಆ ಎರಡು ತಿಂಗಳಿಗಾಗಿ ಅವರನ್ನು ಬೈಯುತ್ತಲೇ ಇದ್ದೆ. ದರ್ಜಿ ಅಂಗಡಿ ಬಂತು. ಇವರು ನಿಂತು ಗೋಡೆಗೆ ಕಿವಿ ಹಚ್ಚಿದರು.

ನನ್ನ ಜೀವ ಬಾಯಿಗೆ ಬಂತು. ಹಣೆ ಮುಟ್ಟಿ ನೋಡಿದೆ, ಬೆವರಿರಲಿಲ್ಲ.

"ನಿಜ ಹೇಳಿ. ಮತ್ತೆ ಎದೆ ಹಿಡೀತಾ?"

"ಇಲ್ಲ ಕಣೇ."

"ಮತ್ಯಾಕೆ ನಿಂತ್ರಿ?"

"ನಿನಗೆ ಏದುಸಿರು ಬರ್ತಿದೆ. ಸ್ವಲ್ಪ ಸುಧಾರಿಸ್ಕೋ ಅಂದ್ರೆ ನನ್ನ ಮಾತು ಕೇಳೋಳಾ ನೀನು?"

ಚೀಲ ಕೆಳಗಿಟ್ಟೆ. ಅವರ ಪಕ್ಕದಲ್ಲೇ ಗೋಡೆಗೆ ಕಿವಿ ಹಚ್ಚಿ, ಉಸಿರು ಹತೋಟಿಗೆ ಬರುವವರೆಗೂ ನಿಂತೆ.